ದಂಡೆಗೆ ಬಿಟ್ಟ ಚಪ್ಪಲಿ

ಕಾಲು ತೊಳೆದು ತಿರುಗಿದರೆ ಚಪ್ಪಲಿ ಇರಲಿಲ್ಲ. ನಮ್ಮೂರು ಸಿಂಗಟಾಲೂರಿನ ಹೊಳೆದಂಡೆಯಲ್ಲಿ ಬಿಟ್ಟರೆ ಅಲ್ಲೇ ಇರುತ್ತವೆ. ಇದು ಕಡಲ ದಂಡೆಯ ಮೀನುಗಾರರ ಊರು. ಮೊಮ್ಮಗಳಿಗೆ ನೋಡಿದ ಹುಡುಗ ಇಲ್ಲಿ ಮಾಸ್ತರ. ಅವನ ಮನೆಗೆ ಹೋಗಲೆಂದೇ ಲಕ್ಷ್ಮೇಶ್ವರದಲ್ಲಿ ಆ ಚಪ್ಪಲಿ ಹೊಲಿಸಿದ್ದೆ.

ಮೀನು ಒಣಗಿಸುತ್ತಿದ್ದ ಹೆಂಗಸನ್ನು ಕೇಳಿದೆ, "ಯಾರ ಒಯ್ದ್ರವಾ?"

"ಸಮುದ್ರ, ಅಜ್ಜ. ನೀರು ಏರ್ತಾ ಉಂಟಲ್ಲ. ಇಳಿದ ಮೇಲೆ ವಾಪಸ್ ಕೊಡ್ತದೆ, ಕೂತ್ಕೊಳ್ಳಿ."

"ನಮ್ಮ ಹೊಳಿ ಹಿಂಗ ಮಾಡೂದಿಲ್ಲ."

"ಹಾಗಾದ್ರೆ ಅಲ್ಲೇ ಕಾಲು ತೊಳ್ಕೊಂಡು ಬರ್ಬೇಕಿತ್ತು."

ಸಂಜೆಯವರೆಗೆ ಕೂತೆ. ನೀರು ಇಳಿಯಿತು. ಒಂದೇ ಚಪ್ಪಲಿ ಬಂತು, ಹೆಂಗಸರ ರಬ್ಬರಿನದು. ಗಂಡಿನ ಮನೆಗೆ ಬರಿಗಾಲಲ್ಲಿ ಹೋಗಿ ಇದ್ದದ್ದು ಹೇಳಿದೆ. ಯಾರೂ ನಗಲಿಲ್ಲ. ಸಂಬಂಧ ನಿಶ್ಚಯವಾಯಿತು.

ಮದುವೆಯಲ್ಲಿ ಬೀಗರು ನನಗೆ ಧೋತರದ ಬದಲು ಚಪ್ಪಲಿ ಆಯೇರಿ ಮಾಡಿದರು.