ಗರಸು ಕೂರುವ ತನಕ

ಹಲ್ಲಿನ ಮಾತೆತ್ತಿದೊಡನೆ ಕೇಳುವವರ ನಾಲಿಗೆಗಳೆಲ್ಲ ಗುಟ್ಟಾಗಿ ತಮ್ಮ ತಮ್ಮ ದವಡೆಯ ಪ್ರದಕ್ಷಿಣೆಗೆ ಹೊರಡುತ್ತವೆಂಬುದು ನನಗೆ ತಿಳಿದದ್ದು ಸಿಂಧನೂರಿನ ದಂತವೈದ್ಯೆಯ ಕೋಣೆಯಲ್ಲಿ. ಅಲ್ಲಿದ್ದವರು ಕುರ್ಚಿಗೆ ಒರಗಿದ್ದ ನನ್ನ ಸೋದರಮಾವ ಬಸಣ್ಣ, ಸೆರಗು ಬಿಗಿದು ನಿಂತಿದ್ದ ಅತ್ತೆ ಈರಮ್ಮ, ಲಿಂಗಸುಗೂರು ಕಡೆಯ ಡಾಕ್ಟರಮ್ಮ, ಮತ್ತು ಯಾರೂ ಕರೆಯದೆ ಕುತೂಹಲವೊಂದನ್ನೇ ನೆಪಮಾಡಿಕೊಂಡು ಬಂದಿದ್ದ ನಾನು. ನನ್ನ ನಾಲಿಗೆಯ ಪ್ರದಕ್ಷಿಣೆ ಬಲಗಡೆಯ ಅಲ್ಲಾಡುವ ಹಲ್ಲೊಂದರ ಸನ್ನಿಧಿಯಲ್ಲಿ ನಿಂತುಹೋಗಿತ್ತು.

ಮಾವ ಮಸ್ಕಿಯ ತರಕಾರಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುವವರು. ಅವರ ಕಂಠಶ್ರೀಗೆ ಬಾಡಿದ ಬದನೆಕಾಯಿಯೂ ಮೈ ನೆಟ್ಟಗೆ ಮಾಡಿಕೊಳ್ಳುತ್ತದೆಂದು ನಾವು ಹೆಮ್ಮೆಪಡುತ್ತಿದ್ದ ಕಾಲದಲ್ಲೇ, ಒಂದು ಮುಂಜಾನೆ ಭರದ ಕೂಗಿನ ನಡುವೆ ಮೇಲಿನ ಹಲ್ಲಿನ ಸೆಟ್ಟು ಜಿಗಿದು ಮೆಂತ್ಯಸೊಪ್ಪಿನ ಮೇಲೆ ವಿರಾಜಮಾನವಾಯಿತು. ಅಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿದೇ ಕೂಗು. ಸವಾಲಿನ ಕಟ್ಟೆ ಬೇರೆಯವರ ಪಾಲಾದೀತೆಂಬ ದಿಗಿಲು.

ಮೇಲ್ದವಡೆಯ ಎಲುಬು ಸವೆದಿದೆಯೆಂದು ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ತೋರಿಸಿದರು. “ನೋಡ್ರಿ ಯಜಮಾನ್ರ, ದವಡಿ ಮ್ಯಾಲ ಗಾಳಿ ಖೋಲಿ ಐತಿ. ಅದರ ತಳದ ಪದರ ಮೆಲ್ಲಕ ಎತ್ತಿ, ಎಲುಬಿನ ಪುಡಿ ತುಂಬಿ, ಗಟ್ಟಿಯಾಗೂ ತನ ತಿಂಗಳುಗಟ್ಲೆ ಕಾದು ಹಲ್ಲು ಹಿಡಿಯೂ ಸ್ಕ್ರೂ ಹಾಕೂದು ಒಂದು ದಾರಿ. ಉದ್ದನ್ನ ಸ್ಕ್ರೂ ಸೀದಾ ಕಣ್ಣಿನ ಕೆಳಗಿನ ಗಲ್ಲದ ಎಲುಬಿಗೇ ಇಳಿಸೂದು ಇನ್ನೊಂದು. ಅದರಾಗ ಹಲ್ಲು ಲಗೂನ ಬರ್ತಾವು. ಆದ್ರ ಆಪರೇಷನ್ ದೊಡ್ಡದು, ದೊಡ್ಡ ಊರಿಗೇ ಹೋಗ್ಬೇಕು. ನಿಮಗ ಮೊದಲನೇ ದಾರಿನೂ ನಡೀತೈತಿ.”

“ಉದ್ದಂದೇ ಹಾಕಿಸ್ರಿ!” ಎಂದರು ಮಾವ.

“ಸುಮ್ನಿರ್ರಿ,” ಅತ್ತೆ ಗದರಿದರು. “ಮನಿ ಕಟ್ಟೂವಾಗ, ಎರಿ ನೆಲ ಐತಿ, ಪಾಯಕ್ಕ ಗರಸು ಮಣ್ಣು ತುಂಬಿ ಒಂದು ಮಳಿಗಾಲ ಕುಂದ್ರಾಕ ಬಿಡ್ರಿ ಅಂತ ಗೌಂಡಿ ಬಡ್ಕೊಂಡ. ಅವಸರ ಮಾಡಿ ಮನಿ ಗ್ವಾಡಿ ಬಿರಿಸಿದ್ರಿ. ಈಗ ಮಾರಿನೂ ಬಿರಿಸ್ಕೊಂತೀರೇನು?”

ನಾನು ಮನಸ್ಸಿನಲ್ಲೇ ಹೆಣೆಯುತ್ತಿದ್ದ ತೌಲನಿಕ ಮೀಮಾಂಸೆ ಆ ಬಿರುಕಿನಲ್ಲಿ ಬಿದ್ದು ಅಡಗಿತು. ಕಂಬದ ಉದ್ದವನ್ನಷ್ಟೇ ಅಳೆಯುತ್ತಿದ್ದ ನನಗೆ, ಅದನ್ನು ಹಿಡಿದು ನಿಲ್ಲುವ ನೆಲವನ್ನು ವಿಚಾರಿಸಬೇಕೆಂದು ಹೊಳೆದಿರಲಿಲ್ಲ.

“ಗಾಯ ಮಾಯೂ ತನ ಒದರಂಗಿಲ್ಲ ಮತ್ತ,” ಎಂದರು ಡಾಕ್ಟರಮ್ಮ.

ಮಾವನ ಮುಖ ಇಳಿಯಿತು. “ಅಲ್ಲೀತನ ಕಟ್ಟಿ ಮ್ಯಾಲ ಯಾರು ನಿಂದ್ರಬೇಕು?”

“ಯಾಕ, ನಾ ಇಲ್ಲೇನು?” ಎಂದರು ಅತ್ತೆ. “ ನಿಮ್ಮ ಕೂಗು ಕೇಳಿ ಕೇಳಿ ನನಗ ಬಾಯಿಪಾಠ ಆಗೈತಿ.”

ಪುಡಿ ಎಲುಬಾಯಿತು, ಸ್ಕ್ರೂ ಕೂತಿತು, ಹಲ್ಲು ಬಂದವು. ಮೊನ್ನೆ ಮಸ್ಕಿಗೆ ಹೋದಾಗ ಕಟ್ಟೆಯ ಮೇಲೆ ನಿಂತು ಟೊಮ್ಯಾಟೊ ಸವಾಲು ಕೂಗುತ್ತಿದ್ದವರು ಅತ್ತೆ. ಕೆಳಗೆ ಬುಟ್ಟಿಗಳ ನಡುವೆ ಕೂತಿದ್ದ ಮಾವ ಒಣಗಿಸಿದ ಕಟಕ ರೊಟ್ಟಿಯನ್ನು ಕಟಂ ಎಂದು ಕಡಿಯುತ್ತಿದ್ದರು.

“ಯಾಕ ಮಾವ, ನೀವು ಹತ್ತಲಿಲ್ಲೇನು?”

“ಹತ್ತಿದ್ನೆಪಾ. ‘ಅಕ್ಕನ್ನ ಕರೀರಿ’ ಅಂದ್ರು ಮಂದಿ.”

ನಕ್ಕು, ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟರು. ನಾನು ಬಲಗಡೆಯ ಹಲ್ಲನ್ನು ತಪ್ಪಿಸಿ ಅದನ್ನು ಎಡಗಡೆಯಲ್ಲಿ ಅಗಿದೆ.