ಮುಚ್ಚಳ ಎತ್ತಿ ನೋಡುವ ಹಿರಿಯರು

ಉಣಕಲ್ಲಿನ ನಮ್ಮ ಕ್ರೈಸ್ತ ಸಭೆಗೆ ಒಬ್ಬ ಹಿರಿಯರಿದ್ದರು. ಯಾರ ಮನೆಗೆ ಪ್ರಾರ್ಥನೆಗೆ ಬಂದರೂ ಮೊದಲು ಅಡುಗೆಮನೆಗೆ ಹೋಗುತ್ತಿದ್ದರು. ಎರಡೇ ಬೆರಳಿನಲ್ಲಿ ಪಾತ್ರೆಯ ಮುಚ್ಚಳ ಎತ್ತಿ, ಮೂಸಿ, “ಇದು ವಾಕ್ಯಕ್ಕ ಒಪ್ಪತೈತೇನವಾ?” ಎಂದು ಕೇಳುತ್ತಿದ್ದರು. ವಾಕ್ಯವೆಂದರೆ ಬೈಬಲ್. ಕೋಳಿಯ ರಕ್ತ ಪೂರ್ತಿ ಹರಿಯಿತೇ, ಕುರಿ ಯಾವ ದೇವರಿಗೆ ಬಿಟ್ಟದ್ದು, ಎಲ್ಲವೂ ಅವರಿಗೆ ಬೇಕು. ಖಾಲಿ ಪಾತ್ರೆ ಕಂಡರೆ ಮಾತ್ರ ಏನೂ ಕೇಳದೆ ಮುಚ್ಚಿಬಿಡುತ್ತಿದ್ದರು.

ಮಕ್ಕಳೇ, ನಿಮ್ಮ ಅಜ್ಜನನ್ನು ಮಣ್ಣು ಮಾಡಿದ ದಿನ ಅಮಾವಾಸ್ಯೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಪಕ್ಕದ ಮನೆಯ ಲಿಂಗಾಯತರ ಅಕ್ಕ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ತಂದರು. ಸಣ್ಣವರಾಗಿದ್ದ ನೀವಿಬ್ಬರೂ ಬೆಳಗಿನಿಂದ ಉಣ್ಣದೆ ಅಳುತ್ತಿದ್ದಿರಿ. ಹಿರಿಯರು ಬಾಗಿಲಿಗೆ ಅಡ್ಡ ನಿಂತರು.

“ಇವತ್ತ ಅಮಾಸಿ. ನಿಮ್ಮ ದೇವರಿಗೆ ಇದನ್ನ ನೈವೇದ್ಯದ ಎಡಿ ಹಿಡದೀರೇನ್ರಿ?”

“ಹೂಂನ್ರಿ, ಹಿಡದೇನಿ.”

“ಹಂಗಾರ ನಮಗ ನಡ್ಯಂಗಿಲ್ಲ. ವಾಕ್ಯಕ್ಕ ಒಪ್ಪಂಗಿಲ್ಲ.”

ಅಕ್ಕ ಬುಟ್ಟಿಯೊಳಗೆ ಇಣುಕಿದರು. “ಹತ್ತು ರೊಟ್ಟಿ ಹಿಡದಿದ್ದೆ, ಹತ್ತೂ ಅದಾವ್ರಿ ಯಜಮಾನ್ರ. ದೇವರು ಒಂದ್ ತುತ್ತೂ ಮುಟ್ಟಿಲ್ಲ. ಕೂಸುಗೋಳು ಹಸದಾವು, ಸರೀರಿ.”

ವಿಗ್ರಹಕ್ಕೆ ಜೀವವಿಲ್ಲವೆಂದು ಪ್ರತಿ ಭಾನುವಾರ ಗಂಟಲು ಹರಿಯುವಂತೆ ಸಾರುತ್ತಿದ್ದವರು ಇದೇ ಹಿರಿಯರು. ಅದನ್ನೇ ಅಕ್ಕ ಹೇಳಿದಾಗ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ಅವರೆದುರು ಎಂದೂ ತಲೆ ಎತ್ತದ ನಾನು ಅವರ ಪಕ್ಕದಿಂದ ನುಸುಳಿ ಬುಟ್ಟಿ ಇಸಿದುಕೊಂಡೆ. ಅವರು ಆಮೆನ್ ಅನ್ನುವಷ್ಟರಲ್ಲಿ ನೀವು ಎರಡನೆಯ ರೊಟ್ಟಿ ಮುರಿಯುತ್ತಿದ್ದಿರಿ. ಆ ಮನುಷ್ಯನ ಉದ್ದನೆಯ ಪ್ರಾರ್ಥನೆ ಅದೊಂದು ಸಲ ಉಪಯೋಗಕ್ಕೆ ಬಂತು.