ಅವ್ವನ ಕಫ, ತಂಗಿಯ ಬಾಣಂತನ

ಕಫದ ಬಗ್ಗೆ ಬರೆಯುತ್ತೇನೆ ಅಂದಾಗ ಮನೆಯವರೆಲ್ಲ ಮೂಗು ಮುರಿದರು. ಮುರಿಯಲಿ ಬಿಡಿ. ಮಂಡ್ಯದ ಒಂದು ಲ್ಯಾಬಿನಲ್ಲಿ ಜನರ ಕಫ, ಕೀವು, ಮೂತ್ರದಿಂದ ಬ್ಯಾಕ್ಟೀರಿಯಾ ಬೆಳೆಸಿ, ಇದು ಇಂಥದ್ದು ಅಂತ ಗುರುತಿಸಿ ಹೇಳುವುದೇ ನನ್ನ ಹೊಟ್ಟೆಪಾಡು. ಬೇರೆಯವರು ಸೀರೆ ಅಂಗಡಿಯಲ್ಲಿ ಕಣ್ಣರಳಿಸಿದರೆ ನಾನು ಮೈಕ್ರೋಸ್ಕೋಪಿನ ಮುಂದೆ ಅರಳಿಸುತ್ತೇನೆ. ಅದರ ಮಾತು ಶುರುವಾದರೆ ನನ್ನ ಬಾಯಿ ನಿಲ್ಲುವುದಿಲ್ಲ.

ಪೂರಿಗಾಲಿಯಲ್ಲಿರುವ ನಮ್ಮವ್ವನಿಗೆ ವರ್ಷಗಳಿಂದ ಕೆಮ್ಮು. ಬೆಳಗಾದರೆ ಹಿತ್ತಿಲಿಗೆ ಹೋಗಿ ಕೆಮ್ಮಿ ಕೆಮ್ಮಿ ಉಗಿದು, ಮೇಲೆ ಬೂದಿ ಎಳೆದು ಬರುತ್ತಿದ್ದಳು. ಆಸ್ಪತ್ರೆ ಅಂದರೆ ಮಾತ್ರ, 'ಧೂಳಿನ ಕೆಮ್ಮು ಕಣಮ್ಮಿ, ಓಯ್ತದೆ ಬುಡು' ಅಂತ ತಳ್ಳಿಬಿಡುತ್ತಿದ್ದಳು. ಆ ಕೆಮ್ಮು ಹೋಗಲಿಲ್ಲ. ನನ್ನ ತಂಗಿ ಮದ್ದೂರಿನ ಗಂಡನ ಮನೆಯಲ್ಲಿ ಬಸುರಿಯಾದಾಗ ಅದು ಎಲ್ಲರ ಕಿವಿಗೂ ಬಿತ್ತು.

ಚೊಚ್ಚಲ ಬಾಣಂತನ ತವರಿನದು. ಅವ್ವ ಆಗಲೇ ಹಳೇ ಸೀರೆ ಹರಿದು ಮಗುವಿನ ಬಟ್ಟೆ ಮಾಡಿಟ್ಟಿದ್ದಳು, ಬೆಳ್ಳುಳ್ಳಿ ಮೆಂತ್ಯ ಹಸನು ಮಾಡಿದ್ದಳು. ಅಷ್ಟರಲ್ಲಿ ತಂಗಿಯ ಅತ್ತೆ ನನಗೆ ಫೋನು ಮಾಡಿದರು. 'ತಪ್ಪು ತಿಳ್ಕಬ್ಯಾಡಿ ಕಣಮ್ಮ. ಸೀಮಂತದಲ್ಲಿ ನಿಮ್ಮವ್ವನ ಕೆಮ್ಮು ನೋಡ್ದೆ. ಕ್ಷಯ ಗಿಯ ಇದ್ರೆ ಕೂಸಿನ ಗತಿಯೇನು? ಪರೀಕ್ಷೆ ಮಾಡ್ಸಿ. ಇಲ್ಲ ಅಂತ ಬಂದ್ರೆ ನಾವೇ ತಂದು ಬುಡ್ತೀವಿ. ಇಲ್ದಿದ್ರೆ ಬಾಣಂತನ ಇಲ್ಲೇ ಆಗ್ಲಿ.'

ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವನ ಕೈಯಿಂದ ಬಾಣಂತನ ಕಿತ್ತುಕೊಳ್ಳುವುದೆಂದರೆ ಅವಳ ಮುಖಕ್ಕೆ ಹೊಡೆದಂತೆಯೇ. ಆದರೆ ಆ ಹೆಂಗಸು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನನ್ನಂತೆ ಲ್ಯಾಬಿನಲ್ಲಿ ದುಡಿಯುವವರು ಯಾರೇ ಆದರೂ ಅದನ್ನೇ ಹೇಳಬೇಕು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಪೂರಿಗಾಲಿಗೆ ಹೋಗಿ, ಟಿ.ಬಿ. ಇಲ್ಲ ಅಂತ ಬಂದರಷ್ಟೇ ತಂಗಿಯನ್ನು ಕಳಿಸುತ್ತಾರಂತೆ ಅಂತ ಅವ್ವನಿಗೆ ತಿಳಿಸಿ, ಕಫ ಹಿಡಿಯುವ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ಉಗಿಯಬೇಕು ಅಂತ ಹೇಳಿ ಬಂದೆ. ಊರಿನ ಹುಡುಗನೊಬ್ಬನ ಕೈಲಿ ಡಬ್ಬಿ ಬಂತು. ಮುಚ್ಚಳ ತೆಗೆದರೆ ಒಳಗಿರುವುದು ತಿಳಿನೀರು! ಮೇಲೆ ಏಲಕ್ಕಿ ಘಮ ಬೇರೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆನ್ನೆಯ ಒಳಪದರದ ಅಗಲ ಅಗಲ ಕೋಶಗಳು, ಬಾಯಲ್ಲಿರುವ ಮಾಮೂಲಿ ಬ್ಯಾಕ್ಟೀರಿಯಾ. ಎದೆಯಿಂದ ಬಂದದ್ದು ಹುಡುಕಿದರೂ ಇಲ್ಲ. ಅವ್ವ ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು, ನೀಟಾಗಿ ಎಂಜಲು ಕಳಿಸಿದ್ದಳು.

ಭಾನುವಾರ ಪೂರಿಗಾಲಿಗೆ ಹೋಗಿ ರೇಗಿದೆ. 'ಏನವ್ವ ಇದು? ಕಫ ಕೇಳಿದ್ರೆ ತೀರ್ಥ ಕಳಿಸಿದ್ದೀಯಲ್ಲ!'

'ದೊಡ್ಡ ದೊಡ್ಡ ಡಾಕ್ಟ್ರು ನೋಡ್ತಾರೆ ಅಂತ ನೀನೇ ಅಂದೆ. ಅವ್ರ ಮುಂದೆ ಗಲೀಜ ಎಂಗಮ್ಮಿ ಇಕ್ಕಾದು?' ಅಂದಳು.

ಸರಿ, ನಾಚಿಕೆ ಅಂದುಕೊಂಡೆ. ನಮ್ಮ ಕಡೆ ಅತಿಥಿ ಬಂದಾಗ ಮುರುಕು ಮಣೆಯನ್ನೂ ಒಳಗಿಡುತ್ತೇವೆ, ಇನ್ನು ಕಫದ ಪಾಡೇನು! ಹಿತ್ತಿಲ ಕಲ್ಲಿನ ಮೇಲೆ ಕೂರಿಸಿಕೊಂಡು ಪಾಠ ಶುರುಮಾಡಿದೆ. ನಾನು ಓದುವಾಗ, ಆರೋಗ್ಯವಾಗಿರುವವರ ಶ್ವಾಸಕೋಶದಲ್ಲಿ ಒಂದು ಬ್ಯಾಕ್ಟೀರಿಯಾವೂ ಇರುವುದಿಲ್ಲ ಅಂತ ಕಲಿಸಿದ್ದರು. ಅದು ಸುಳ್ಳು ಅಂತ ಈಗ ಗೊತ್ತಾಗಿದೆ. ಅಲ್ಲೂ ಇವೆ, ಸ್ವಲ್ಪವೇ ಇವೆ, ಬಗೆಬಗೆಯವು ಇವೆ! ಈ ಮಾತು ಹೇಳುವಾಗ ನನಗೆ ಈಗಲೂ ರೋಮಾಂಚನ.

'ನೋಡವ್ವ, ಚೆನ್ನಾಗಿರೋ ಎದೆ ಅಂದ್ರೆ ಮಳವಳ್ಳಿಯಿಂದ ಮಂಡ್ಯಕ್ಕೆ ಹೋಗೋ ಬಸ್ಸು ಇದ್ದಂಗೆ. ಹತ್ತೋರು ಹತ್ತತಾರೆ, ಇಳಿಯೋರು ಇಳೀತಾರೆ. ಬಾಯಿಂದ ಒಂದಷ್ಟು ಬ್ಯಾಕ್ಟೀರಿಯಾ ಒಳಕ್ಕೆ ಜಾರ್ತವೆ, ಕೆಮ್ಮಿದ್ರೆ ಆಚೆ ಬತ್ತವೆ. ಕೆಟ್ಟ ಎದೇಲಿ ಒಂದೇ ಜಾತಿಯವು ಕಿಟಕಿಯಿಂದ ಟವಲ್ ಹಾಕಿ ಸೀಟೆಲ್ಲ ಹಿಡ್ಕಂಡು ಕೂತ್ಬುಡ್ತವೆ. ಇಳಿ ಅಂದ್ರೂ ಇಳಿಯಲ್ಲ.'

'ಕಂಡಕ್ಟ್ರು ಏನ್ಮಾಡ್ತಾನೆ?'

'ಕಂಡಕ್ಟ್ರು ಅಂದ್ರೆ ಔಷಧಿ ಕಣವ್ವ.'

'ಅವನ ಮಾತ ಯಾರ್ ಕೇಳ್ತಾರೆ ಬುಡು' ಅಂದಳು. ಆಮೇಲೆ, ಸುಮ್ಮನೆ ಕೇಳುವವಳ ಹಾಗೆ, 'ಆ ಟವಲ್ ಹಾಕ್ದೋವು ಇನ್ನೊಬ್ರ ಎದೆಗೂ ಓಯ್ತವಾ?' ಅಂದಳು.

ಉತ್ಸಾಹದಲ್ಲಿದ್ದೆನಲ್ಲ, ಉತ್ತರವೂ ಉತ್ಸಾಹದಲ್ಲೇ ಬಂತು. 'ಎಲ್ಲವೂ ಹೋಗಲ್ಲ. ಟಿ.ಬಿ. ಆದ್ರೆ ಹೋಗ್ತದೆ. ಎಳೇ ಕೂಸಾದ್ರೆ ಬಲು ಬೇಗ ಹಿಡ್ಕತದೆ.'

ಅವ್ವ ಕಲ್ಲಿನ ತುದಿಗೆ ಸರಿದು ಕೂತಳು. ನಾನು ಎದ್ದು ನಿಂತು, ಎದೆಯಾಳದಿಂದ ಕೆಮ್ಮುವುದು ಹೇಗೆ ಅಂತ ತೋರಿಸತೊಡಗಿದೆ. ಉಸಿರು ಎಳೆದು, ತಡೆದು, ಖೊಕ್ ಅಂತ ಕೆಮ್ಮಿದೆ. ಅವಳೂ ಕೆಮ್ಮಿದಳು. ನಾನು ಇನ್ನೂ ಜೋರಾಗಿ ಕೆಮ್ಮಿದೆ. ಪಕ್ಕದ ಮನೆಯಾಕೆ ಗೋಡೆ ಮೇಲಿಂದ ಇಣುಕಿ, 'ಅಯ್ಯೋ ಸಿವನೇ, ತಾಯಿ ಮಗಳಿಬ್ರಿಗೂ ಬಂದ್ಬುಡ್ತಾ?' ಅಂದಳು. ನಗು ತಡೆಯಲಾಗದೆ ನಾನು ಕಲ್ಲಿನ ಮೇಲೆ ಕುಸಿದೆ. ಅವ್ವ ನಗಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಲ್ಯಾಬಿನ ಬಾಗಿಲು ತೆಗೆಯುವ ಹೊತ್ತಿಗೆ ಅವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಒಬ್ಬಳೇ ಮೊದಲ ಬಸ್ಸಿಗೆ ಬಂದಿದ್ದಳು. ಕೈಚೀಲದಿಂದ, ಭಾನುವಾರ ನಾನು ಕೊಟ್ಟುಬಂದಿದ್ದ ಹೊಸ ಡಬ್ಬಿ ತೆಗೆದು ಕೊಟ್ಟಳು. ಗಟ್ಟಿ, ಹಸಿರು, ಅಪ್ಪಟ ಕಫ! 'ಭೇಷ್!' ಅಂತ ಕೂಗಿಬಿಟ್ಟೆ. ನನ್ನ ಪಾಠ ಫಲಿಸಿತು ಅಂತ ಬೀಗಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ದೂರ ಹೋಗಿ ನಿಂತಳು.

ಒಂದು ಪಾಲು ಟಿ.ಬಿ. ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಹೋಯಿತು. ಅವ್ವನ ಎದೆಯ ಸ್ಕ್ಯಾನನ್ನೂ ಅಲ್ಲೇ ಮಾಡಿಸಿ ಊರಿಗೆ ಕಳಿಸಿದೆ. ಇನ್ನೊಂದು ಪಾಲನ್ನು ನಾನೇ ತಟ್ಟೆಯಲ್ಲಿ ಬೆಳೆಯಲು ಇಟ್ಟೆ. ಎರಡನೇ ದಿನ ನೋಡಿದರೆ ತಟ್ಟೆಯ ತುಂಬ ಒಂದೇ ಜಾತಿ, ನವಿಲುಗರಿಯ ಹಸಿರು. ತಟ್ಟೆ ಮೂಸಬಾರದು ಅಂತ ಹೊಸಬರಿಗೆ ಬೈಯುವವಳೇ ನಾನು. ಆದರೆ ಅದು ಮೂಸಬೇಕಾದ ವಾಸನೆಯಲ್ಲ, ಮಾಗಿದ ದ್ರಾಕ್ಷಿಯ ಹಾಗೆ ತಾನೇ ಬಂದು ಮೂಗಿಗೆ ಹೊಡೆಯಿತು. ಸ್ಯೂಡೋಮೊನಾಸ್! ಟವಲ್ ಹಾಕಿದವರು ಸಿಕ್ಕಿಬಿದ್ದಿದ್ದರು. ಎಲ್ಲರನ್ನೂ ಕರೆದು ತೋರಿಸಿದೆ, ಎಷ್ಟು ಚೆಂದ ಬೆಳೆದಿದೆ ನೋಡಿ ಅಂದೆ. ಆಮೇಲೆ, ಇಷ್ಟು ವರ್ಷ ಇದನ್ನು ಹೊತ್ತುಕೊಂಡೇ ಅವ್ವ ಸೌದೆ ಒಡೆದಳು, ನೀರು ಹೊತ್ತಳು ಅನ್ನುವುದು ತಲೆಗೆ ಬಂದು ಕಣ್ಣು ತುಂಬಿತು.

ಅದೇ ಸಂಜೆ ಆಸ್ಪತ್ರೆಯಿಂದ ಉತ್ತರ ಬಂತು: ಟಿ.ಬಿ. ಇಲ್ಲ. ಆಸ್ಪತ್ರೆಗೆ ಓಡಿದೆ. ಸ್ಕ್ಯಾನ್ ನೋಡಿದ ಡಾಕ್ಟರು, ಹಳೆಯದೊಂದು ಸೋಂಕಿನಿಂದ ಅವ್ವನ ಶ್ವಾಸನಾಳಗಳು ಹಿಗ್ಗಿ ಸಡಿಲಾಗಿವೆ, ಅಲ್ಲಿ ನಿಂತ ಕಫದಲ್ಲಿ ಇವು ಬೀಡುಬಿಟ್ಟಿವೆ, ಔಷಧಿಗೆ ತಗ್ಗುತ್ತವೆ ಅಂದರು. ಆರೋಗ್ಯವಾಗಿರುವವರಿಗೆ ಇದು ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಕೈ ತೊಳೆದು, ಬಾಯಿಗೆ ಮಾಸ್ಕ್ ಹಾಕಿಕೊಂಡು ಮಗುವನ್ನು ಎತ್ತಿಕೊಳ್ಳಲಿ ಅಂದರು. ಅಲ್ಲಿಂದಲೇ ಮದ್ದೂರಿಗೆ ಫೋನು ಮಾಡಿದೆ. ತಂಗಿಯ ಅತ್ತೆ, 'ದೇವ್ರು ದೊಡ್ಡೋನು. ಶುಕ್ರವಾರ ಕರ್ಕಬತ್ತೀವಿ' ಅಂದರು.

ಬಸ್ಸಿನಲ್ಲಿ ನಿಂತೇ ಪೂರಿಗಾಲಿ ತಲುಪಿದೆ. 'ಅವ್ವ! ಟಿ.ಬಿ. ಇಲ್ಲ ಕಣವ್ವ! ಶುಕ್ರವಾರ ಬತ್ತಾಳೆ!'

ಅವ್ವ ಒಲೆ ಮುಂದೆ ಕೂತಿದ್ದವಳು ಹಾಗೇ ಗೋಡೆಗೆ ಒರಗಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದೇ ಕಡಿಮೆ. ಅಳುತ್ತಲೇ ಹೇಳಿದಳು. 'ನಂಗೆ ಅದೇ ಇರಾದು ಅಂತ ಎಂದೋ ಅಂದ್ಕಂಡಿದ್ದೆ ಕಣಮ್ಮಿ. ಅದ್ಕೇ ಮೊದ್ಲು ಬಾಯಿ ತೊಳ್ದು ಎಂಜ್ಲು ಕಳಿಸ್ದೆ. ಅದ್ರಲ್ಲಿ ಏನೂ ಸಿಕ್ಕಬಾರ್ದು, ಮಗಳು ಮನೆಗೆ ಬರ್ಲಿ ಅಂತ.'

ನಾಚಿಕೆಯೂ ಅಲ್ಲ, ಮಣ್ಣೂ ಅಲ್ಲ!

'ಮತ್ತೆ ಎರಡನೇ ಸಲ ಯಾಕವ್ವ ನಿಜವಾದ್ದೇ ತಂದುಕೊಟ್ಟೆ? ಟಿ.ಬಿ. ಅಂತ ಬಂದಿದ್ರೆ ಅವಳು ಬತ್ತಾನೇ ಇರ್ಲಿಲ್ಲ.'

ಅವ್ವ ಕಣ್ಣೊರೆಸಿಕೊಂಡು, ಇಷ್ಟು ಓದಿದವಳಿಗೆ ಇದೂ ಗೊತ್ತಾಗಲಿಲ್ಲವಲ್ಲ ಅನ್ನುವಂತೆ ನನ್ನನ್ನು ನೋಡಿದಳು.

'ಬರ್ದಿದ್ರೆ ಬುಡು, ಮದ್ದೂರಲ್ಲಾದ್ರೂ ಕೂಸು ಉಸಿರಾಡ್ಕಂಡಿರ್ತಿತ್ತಲ್ಲ.'